ಮಲ್ಟಿಪಲ್ ಸ್ಕ್ಲಿರೋಸಿಸ್: ಬೀಳದಂತೆ ನಡೆಯುವ ಬಗೆ

“ಸ್ವಲ್ಪ ನೋಡಿಕೊಂಡು ನಡೆಯಬಾರದೆ?” ಮನೆಯಲ್ಲಿ ಯಾರಾದರೂ ಬಿದ್ದರೆ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಇದು. ಬಿದ್ದವರು ಮಕ್ಕಳಾದರೆ ಗದರುತ್ತೇವೆ, ವಯಸ್ಸಾದವರಾದರೆ ಮರುಗುತ್ತೇವೆ. ಆದರೆ ಮೂವತ್ತು, ನಲವತ್ತರ ವಯಸ್ಸಿನ, ನೋಡಲು ಆರೋಗ್ಯವಾಗಿಯೇ ಇರುವ ಒಬ್ಬರು ಸಮತಟ್ಟಾದ ನೆಲದ ಮೇಲೆ ಮತ್ತೆ ಮತ್ತೆ ಮುಗ್ಗರಿಸಿದರೆ? ಆಗ ಗದರಿಕೆಯ ಜೊತೆಗೆ ಸಂಶಯವೂ ಸೇರಿಕೊಳ್ಳುತ್ತದೆ. ಗಂಡಸಾದರೆ ಕುಡಿದಿರಬೇಕು ಎನ್ನುತ್ತಾರೆ, ಹೆಂಗಸಾದರೆ ಗಮನ ಎಲ್ಲೋ ಇರಬೇಕು ಎನ್ನುತ್ತಾರೆ. ಮಲ್ಟಿಪಲ್ ಸ್ಕ್ಲಿರೋಸಿಸ್ (ಚಿಕ್ಕದಾಗಿ ಎಂ.ಎಸ್.) ಎಂಬ ನರಮಂಡಲದ ಕಾಯಿಲೆ ಇರುವವರು ಇಂಥ ಮಾತುಗಳನ್ನು ಕೇಳಿ ಕೇಳಿ ಬೇಸತ್ತಿರುತ್ತಾರೆ. ಕೆಲವರು ಬಿದ್ದದ್ದನ್ನು ಮನೆಯವರಿಂದಲೂ ವೈದ್ಯರಿಂದಲೂ ಮುಚ್ಚಿಡಲು ತೊಡಗುತ್ತಾರೆ.

ಈ ಬೀಳುವಿಕೆ ಅಜಾಗರೂಕತೆಯೂ ಅಲ್ಲ, ಹಣೆಬರಹವೂ ಅಲ್ಲ. ಪ್ರತಿ ಸಲ ಬಿದ್ದುದಕ್ಕೂ ಕಾರಣಗಳಿರುತ್ತವೆ. ಅವುಗಳಲ್ಲಿ ಹಲವನ್ನು ಗುರುತಿಸಬಹುದು, ಕೆಲವನ್ನು ಪೂರ್ತಿ ನಿವಾರಿಸಬಹುದು. ಬೀಳುತ್ತಾರೆಂಬ ಒಂದೇ ಕಾರಣಕ್ಕೆ ರೋಗಿಯನ್ನು ಮೂಲೆಯಲ್ಲಿ ಕೂರಿಸಬೇಕಾದ ಅಗತ್ಯವಿಲ್ಲ. ಹಾಗೆ ಕೂರಿಸುವುದರಿಂದ ಬೀಳುವ ಅಪಾಯ ಮುಂದೆ ಇನ್ನಷ್ಟು ಹೆಚ್ಚುತ್ತದೆ.

ಏನಿದು ಎಂ.ಎಸ್.?

ನಮ್ಮ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿರುವ ನರತಂತುಗಳ ಸುತ್ತ ‘ಮಯಲಿನ್’ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ವಿದ್ಯುತ್ ತಂತಿಯ ಮೇಲಿನ ರಬ್ಬರ್ ಹೊದಿಕೆ ಇದ್ದಂತೆ. ಈ ಹೊದಿಕೆ ಸರಿಯಾಗಿದ್ದರೆ ಮಾತ್ರ ಸಂದೇಶಗಳು ವೇಗವಾಗಿ ಹರಿಯುತ್ತವೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಈ ಹೊದಿಕೆಯ ಮೇಲೆಯೇ ದಾಳಿ ಮಾಡಿದಾಗ ಎಂ.ಎಸ್. ಉಂಟಾಗುತ್ತದೆ. ದಾಳಿ ನಡೆದ ಕಡೆಗಳಲ್ಲಿ ಗಡುಸಾದ ಕಲೆಗಳು ಉಳಿಯುತ್ತವೆ. ಪ್ಯಾರಿಸ್‌ನ ನರರೋಗ ತಜ್ಞ ಜ್ಯಾಂ ಮಾರ್ಟಿನ್ ಷಾರ್ಕೊ 1868ರಲ್ಲಿ ಈ ಕಲೆಗಳಿಗೂ ರೋಗಿಯ ಲಕ್ಷಣಗಳಿಗೂ ಇರುವ ಸಂಬಂಧವನ್ನು ಸ್ಪಷ್ಟವಾಗಿ ವಿವರಿಸಿದರು.

ಕಾಯಿಲೆ ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ, ಓದು, ಉದ್ಯೋಗ, ಮದುವೆ, ಮಕ್ಕಳ ಕಾಲದಲ್ಲೇ ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಇದು ಅಂಟುರೋಗವಲ್ಲ. 2020ರ ಲೆಕ್ಕಾಚಾರದಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಜನರಿಗೆ ಈ ಕಾಯಿಲೆ ಇತ್ತು. ಇದು ಬಿಳಿಯರ ದೇಶಗಳ ರೋಗ, ನಮ್ಮಲ್ಲಿ ಇಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಎಂ.ಆರ್.ಐ. ಬಂದ ಮೇಲೆ ಆ ನಂಬಿಕೆ ಸಡಿಲವಾಯಿತು. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಲಕ್ಷ ಜನರಿಗೆ ಸುಮಾರು ಎಂಟು ಮಂದಿಯಲ್ಲಿ ಎಂ.ಎಸ್. ಇರುವುದನ್ನು ತೋರಿಸಿತು.

ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಕಾಯಿಲೆಯ ಓಟವನ್ನು ತಗ್ಗಿಸುವ ಔಷಧಗಳು 1993ರಿಂದ ಒಂದೊಂದಾಗಿ ಬಂದಿವೆ. ಈ ಔಷಧಗಳು ಹೊಸ ಹಾನಿಯನ್ನು ಕಡಿಮೆ ಮಾಡುತ್ತವೆ. ಈಗಾಗಲೇ ಆಗಿರುವ ಹಾನಿಯ ಜೊತೆ ಬದುಕುವ, ಅದರೊಂದಿಗೇ ನಡೆಯುವ ವಿದ್ಯೆಯನ್ನು ರೋಗಿ ಮತ್ತು ಮನೆಯವರು ಬೇರೆಯಾಗಿಯೇ ಕಲಿಯಬೇಕು.

ಎಷ್ಟು ಜನ ಬೀಳುತ್ತಾರೆ?

ಆಸ್ಟ್ರೇಲಿಯಾ, ಸ್ವೀಡನ್, ಬ್ರಿಟನ್ ಮತ್ತು ಅಮೆರಿಕದ ಒಟ್ಟು 537 ಎಂ.ಎಸ್. ರೋಗಿಗಳ ಮಾಹಿತಿಯನ್ನು ಒಂದುಗೂಡಿಸಿ ಪರಿಶೀಲಿಸಿದ ವರದಿ 2015ರಲ್ಲಿ ಪ್ರಕಟವಾಯಿತು. ಕೇವಲ ಮೂರು ತಿಂಗಳ ಅವಧಿಯಲ್ಲಿ ಇವರಲ್ಲಿ ಶೇ. 56ರಷ್ಟು ಮಂದಿ ಒಂದು ಸಲವಾದರೂ ಬಿದ್ದಿದ್ದರು. ಶೇ. 37ರಷ್ಟು ಮಂದಿ ಎರಡು ಅಥವಾ ಹೆಚ್ಚು ಸಲ ಬಿದ್ದಿದ್ದರು. ಆದ್ದರಿಂದ ಈ ಕಾಯಿಲೆ ಇರುವವರು ಬಿದ್ದರೆ “ನನಗೊಬ್ಬಳಿಗೇ ಹೀಗೆ” ಎಂದುಕೊಳ್ಳಬೇಕಾಗಿಲ್ಲ.

ಇದೇ ವರದಿಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ. ಎಂ.ಎಸ್. ರೋಗಿಯ ದೌರ್ಬಲ್ಯವನ್ನು ಸೊನ್ನೆಯಿಂದ ಹತ್ತರವರೆಗಿನ ಒಂದು ಅಳತೆಯಲ್ಲಿ ವೈದ್ಯರು ಗುರುತಿಸುತ್ತಾರೆ. ಬೀಳುವ ಸಂಭವ ಈ ಅಳತೆಯ ಎರಡು ಘಟ್ಟಗಳಲ್ಲಿ ಅತಿ ಹೆಚ್ಚಾಗಿತ್ತು. ಮೊದಲನೆಯದು ನಾಲ್ಕು: ರೋಗಿ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ, ಆದರೆ ನಡಿಗೆಯಲ್ಲಿ ಕಷ್ಟ ಶುರುವಾಗಿರುತ್ತದೆ. ಎರಡನೆಯದು ಆರು: ನೂರು ಮೀಟರ್ ನಡೆಯಲು ಒಂದು ಕೋಲಿನ ಆಸರೆ ಬೇಕಾಗುತ್ತದೆ. ಅಂದರೆ ಕಾಯಿಲೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜಾರುವ, ಆದರೆ ರೋಗಿಯ ಮನಸ್ಸು ಅದನ್ನು ಇನ್ನೂ ಒಪ್ಪಿಕೊಳ್ಳದ ಕಾಲದಲ್ಲಿ ಅಪಾಯ ಹೆಚ್ಚು. “ಇನ್ನೂ ನಡೆಯುತ್ತಿದ್ದಾರಲ್ಲ, ಚಿಂತೆಯಿಲ್ಲ” ಎಂದು ಮನೆಯವರು ಸುಮ್ಮನಿರುವುದೂ ಇದೇ ಕಾಲದಲ್ಲಿ.

ಏಕೆ ಬೀಳುತ್ತಾರೆ?

ನಾವು ನೆಟ್ಟಗೆ ನಿಲ್ಲಲು ಮೂರು ಕಡೆಯ ಸುದ್ದಿ ಮಿದುಳಿಗೆ ಬೇಕು. ಕಣ್ಣಿನದು ಒಂದು, ಒಳಗಿವಿಯದು ಇನ್ನೊಂದು, ಪಾದ ಮತ್ತು ಕೀಲುಗಳದು ಮೂರನೆಯದು. ಆರೋಗ್ಯವಂತರಲ್ಲಿ ಈ ಸುದ್ದಿಗಳು ಕಣ್ಣು ಮಿಟುಕಿಸುವುದರೊಳಗೆ ಮಿದುಳಿಗೆ ತಲುಪಿ, ತಕ್ಕ ಆಜ್ಞೆಗಳು ಸ್ನಾಯುಗಳಿಗೆ ಹೋಗುತ್ತವೆ. ಎಂ.ಎಸ್.ನಲ್ಲಿ ಹೊದಿಕೆ ಕಳಚಿದ ತಂತುಗಳ ಮೂಲಕ ಸುದ್ದಿ ತಡವಾಗಿ ಹೋಗುತ್ತದೆ. ಕಾಲು ಜಾರಿದ್ದು ಮಿದುಳಿಗೆ ತಿಳಿದು, ಸಾವರಿಸಿಕೊಳ್ಳಬೇಕೆಂಬ ಆಜ್ಞೆ ಕಾಲಿಗೆ ಬರುವಷ್ಟರಲ್ಲಿ ವ್ಯಕ್ತಿ ನೆಲಕ್ಕೆ ಬಿದ್ದಿರುತ್ತಾರೆ. ಆರೋಗ್ಯವಂತರೂ ಎಡವುತ್ತಾರೆ, ಆದರೆ ಸಾವರಿಸಿಕೊಳ್ಳುತ್ತಾರೆ. ಎಂ.ಎಸ್. ಇರುವವರಿಗೆ ಆ ಸಾವರಿಸಿಕೊಳ್ಳುವ ಸಮಯ ಸಿಗುವುದಿಲ್ಲ.

ಇದರ ಜೊತೆಗೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ.

ಜೋತುಬೀಳುವ ಪಾದ: ಪಾದವನ್ನು ಮೇಲೆತ್ತುವ ಸ್ನಾಯುಗಳು ಸೋತಾಗ ಹೆಬ್ಬೆರಳಿನ ತುದಿ ನೆಲಕ್ಕೆ ತಾಗುತ್ತದೆ. ಹೊಸಿಲು, ಕಾಲೊರಸು, ಚಾಪೆಯ ಅಂಚು ಎಲ್ಲವೂ ಕಾಲಿಗೆ ಅಡ್ಡಬರುತ್ತವೆ. ಒಂದು ಕಾಲಿನ ಚಪ್ಪಲಿಯ ಮುಂಭಾಗ ಮಾತ್ರ ಬೇಗ ಸವೆದಿದ್ದರೆ ಅದು ಇದರ ಗುರುತು.

ಸ್ನಾಯುಗಳ ಬಿಗಿತ: ಕಾಲು ಮರದ ಕೊರಡಿನಂತೆ ಸೆಟೆದುಕೊಂಡು ಮಂಡಿ ಬಾಗುವುದಿಲ್ಲ. ಕೆಲವೊಮ್ಮೆ ಇದ್ದಕ್ಕಿದ್ದಂತೆ ಸೆಳೆತ ಬಂದು ನಿಂತವರನ್ನೂ ಕೆಡವುತ್ತದೆ.

ಜೋಮು: ಅಂಗಾಲಿಗೆ ಸ್ಪರ್ಶ ಸರಿಯಾಗಿ ತಿಳಿಯದಾಗ ರೋಗಿ ಕಣ್ಣಿನ ಸಹಾಯದಿಂದ ನಡೆಯುತ್ತಾರೆ. ನೆಲ ನೋಡುತ್ತಾ ನಡೆಯುವಾಗ ಸರಿಯಾಗಿರುತ್ತಾರೆ. ಕತ್ತಲಾದರೆ ಅಥವಾ ಕಣ್ಣು ಮುಚ್ಚಿದರೆ ಜೋಲಿ ಹೊಡೆಯುತ್ತಾರೆ. ಕಣ್ಣು ಮುಚ್ಚಿಸಿ ನಿಲ್ಲಿಸುವ ಪರೀಕ್ಷೆಗೆ 19ನೇ ಶತಮಾನದ ಬರ್ಲಿನ್ ವೈದ್ಯ ಮೊರಿಟ್ಸ್ ರೋಂಬರ್ಗ್ ಅವರ ಹೆಸರಿದೆ. ನಮ್ಮ ಮನೆಗಳಲ್ಲಿ ಈ ಪರೀಕ್ಷೆ ದಿನವೂ ನಡೆಯುತ್ತಿರುತ್ತದೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿಕೊಂಡಾಗ, ತಲೆಯ ಮೇಲೆ ನೀರು ಹೊಯ್ದುಕೊಳ್ಳುವಾಗ, ರಾತ್ರಿ ಕರೆಂಟು ಹೋದಾಗ.

ಕಣ್ಣಿನ ತೊಂದರೆ: ಒಂದು ಕಣ್ಣು ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು ಎಂ.ಎಸ್.ನಲ್ಲಿ ಸಾಮಾನ್ಯ. ಎರಡಾಗಿ ಕಾಣುವ ಮೆಟ್ಟಿಲುಗಳಲ್ಲಿ ನಿಜವಾದದ್ದು ಯಾವುದೆಂದು ಕಾಲಿಗೆ ಹೇಗೆ ಗೊತ್ತಾಗಬೇಕು?

ದಣಿವು: ಇದು ಕೆಲಸ ಮಾಡಿ ಸುಸ್ತಾಗುವಂಥ ದಣಿವಲ್ಲ. ಬೆಳಿಗ್ಗೆ ಚೆನ್ನಾಗಿ ಓಡಾಡಿದವರು ಮಧ್ಯಾಹ್ನ ಎರಡರ ಹೊತ್ತಿಗೆ ಕಾಲೆಳೆಯುತ್ತಾರೆ. “ಬೆಳಿಗ್ಗೆ ಚೆನ್ನಾಗಿಯೇ ಇದ್ದೆಯಲ್ಲ, ಈಗೇನಾಯಿತು?” ಎಂದು ಮನೆಯವರು ಕೇಳುವುದು ಈ ದಣಿವನ್ನು ತಿಳಿಯದೆ.

ಎರಡು ಕೆಲಸ ಒಟ್ಟಿಗೆ: ನಡಿಗೆ ನಮಗೆ ಯೋಚಿಸದೇ ಆಗುವ ಕೆಲಸ. ಎಂ.ಎಸ್. ಇರುವವರು ಅದಕ್ಕಾಗಿ ಮನಸ್ಸನ್ನು ಖರ್ಚು ಮಾಡುತ್ತಾರೆ. ನಡೆಯುವಾಗ ಹಿಂದಿನಿಂದ ಕೂಗಿದರೆ, ಕೈಯಲ್ಲಿ ಬಿಸಿ ಕಾಫಿ ಲೋಟ ಕೊಟ್ಟರೆ, ಫೋನು ರಿಂಗಾದರೆ ಆ ಗಮನ ಹರಿದುಹೋಗುತ್ತದೆ.

ಮೂತ್ರದ ಅವಸರ: ಎಂ.ಎಸ್. ಇರುವ ಅನೇಕರಿಗೆ ಮೂತ್ರ ಬಂತೆಂದರೆ ತಡೆಯಲಾಗುವುದಿಲ್ಲ. ಮಧ್ಯರಾತ್ರಿ ನಿದ್ದೆಗಣ್ಣಿನಲ್ಲಿ, ಸೆಟೆದ ಕಾಲಿನಲ್ಲಿ, ಕತ್ತಲಲ್ಲಿ ಓಡುವವರು ಬೀಳದೆ ಏನು ಮಾಡಿಯಾರು? ನಾಚಿಕೆಯಿಂದ ಇದನ್ನು ವೈದ್ಯರಿಗೆ ಹೇಳುವವರು ಕಡಿಮೆ. ಇದಕ್ಕೆ ಔಷಧವಿದೆ, ಅಭ್ಯಾಸಗಳಿವೆ. ಅವಸರ ತಗ್ಗಿದರೆ ಆ ಓಟವೂ ತಪ್ಪುತ್ತದೆ.

ಬಿಸಿನೀರು ಮತ್ತು ಬಚ್ಚಲುಮನೆ

ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲಿ ಒಂದು ವಿಚಿತ್ರವನ್ನು ದಾಖಲಿಸಿದರು. ಕೆಲವು ಎಂ.ಎಸ್. ರೋಗಿಗಳಿಗೆ ಶ್ರಮದ ಕೆಲಸ ಮಾಡಿದಾಗ ದೃಷ್ಟಿ ಮಂದವಾಗಿ, ವಿಶ್ರಾಂತಿ ಪಡೆದ ಮೇಲೆ ಮತ್ತೆ ಸರಿಹೋಗುತ್ತಿತ್ತು. ಶ್ರಮಕ್ಕಿಂತ ಅದರಿಂದ ಏರುವ ದೇಹದ ಬಿಸಿಯೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ದೇಹದ ಒಳಗಿನ ಉಷ್ಣಾಂಶ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೂ ಹೊದಿಕೆ ಕಳಚಿದ ನರತಂತುವಿನಲ್ಲಿ ಸಂದೇಶ ನಿಂತುಹೋಗಬಹುದು. ಎಂ.ಆರ್.ಐ. ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ರೋಗ ಪತ್ತೆ ಮಾಡುತ್ತಿದ್ದುದೂ ಉಂಟು.

ಈ ಸಂಗತಿ ನಮಗೆ ಬಹಳ ಮುಖ್ಯ. ಮೈಕೈ ನೋವಿಗೆ, ಸುಸ್ತಿಗೆ, ಕಾಲು ಸೆಟೆದುದಕ್ಕೆ ಎಲ್ಲದಕ್ಕೂ ಹಂಡೆಯ ಸುಡುನೀರು ಹೊಯ್ದುಕೊಳ್ಳುವುದು ನಮ್ಮ ರೂಢಿ. ದೀಪಾವಳಿ, ಯುಗಾದಿಗಳಲ್ಲಿ ಎಣ್ಣೆ ಹಚ್ಚಿ ಅಭ್ಯಂಜನ ಮಾಡಿಸುವುದು ಪ್ರೀತಿಯ ಸಂಪ್ರದಾಯ. ಎಂ.ಎಸ್. ಇರುವವರ ಮಟ್ಟಿಗೆ ಬಿಸಿನೀರು, ಹಬೆ ತುಂಬಿದ ಕೋಣೆ, ಎಣ್ಣೆಯಿಂದ ಜಾರುವ ಕಲ್ಲು, ಸೀಗೆಪುಡಿಗೆ ಹೆದರಿ ಮುಚ್ಚಿಕೊಂಡ ಕಣ್ಣು, ಒಳಗಿನಿಂದ ಹಾಕಿಕೊಂಡ ಚಿಲಕ ಎಲ್ಲವೂ ಒಂದೇ ಕಡೆ ಸೇರುತ್ತವೆ. ಸ್ನಾನಕ್ಕೆ ಹೋಗುವಾಗ ನಡೆದು ಹೋದವರು ಸ್ನಾನ ಮುಗಿಸಿ ಏಳಲಾಗದೆ ಕೂಗುವುದುಂಟು. ಈ ನಿಶ್ಶಕ್ತಿ ತಾತ್ಕಾಲಿಕ, ಮೈ ತಣಿದ ಮೇಲೆ ಶಕ್ತಿ ಮರಳುತ್ತದೆ, ನರಕ್ಕೆ ಹೊಸ ಹಾನಿ ಆಗುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಬಿದ್ದು ಮುರಿದ ಮೂಳೆ ತಾತ್ಕಾಲಿಕವಲ್ಲ.

ಆದ್ದರಿಂದ ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಎತ್ತರದ, ಕಾಲುಗಳಿಗೆ ರಬ್ಬರ್ ಇರುವ ಗಟ್ಟಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೇ ಸ್ನಾನ ಮಾಡಬೇಕು. ಗಿಡ್ಡ ಮಣೆ ಬೇಡ, ಅದರಿಂದ ಏಳುವುದು ಕಷ್ಟ. ಎಣ್ಣೆಸ್ನಾನ ಬೇಕೇಬೇಕೆಂದರೆ ಎಣ್ಣೆಯನ್ನು ತಲೆಗಷ್ಟೇ ಹಚ್ಚಿ, ಅಂಗಾಲಿಗೆ ಬೇಡ. ಬಾಗಿಲಿಗೆ ಚಿಲಕ ಹಾಕದೆ ಬರಿದೆ ಮುಂದಕ್ಕೆ ಎಳೆದುಕೊಳ್ಳಲಿ. ಬೇಸಿಗೆಯಲ್ಲಿ ಒಲೆಯ ಮುಂದಿನ ಕೆಲಸವನ್ನು ಬೆಳಗಿನ ತಂಪು ಹೊತ್ತಿಗೆ ಮುಗಿಸುವುದು, ಒದ್ದೆ ಬಟ್ಟೆಯನ್ನು ಕತ್ತಿಗೆ ಸುತ್ತಿಕೊಳ್ಳುವುದು, ತಣ್ಣೀರು ಕುಡಿಯುವುದು ಸುಲಭದ ಉಪಾಯಗಳು. ಜ್ವರ ಬಂದಾಗಲೂ ಇದೇ ರೀತಿ ಕಾಲು ಸೋಲುತ್ತದೆ. ಜ್ವರ ಇಳಿಯುವವರೆಗೆ ಒಬ್ಬರೇ ಓಡಾಡಬಾರದು.

ಭಯದ ಸುಳಿ

ಎರಡು ಸಲ ಬಿದ್ದ ಮೇಲೆ ಮನಸ್ಸಿನಲ್ಲಿ ಭಯ ಹುಟ್ಟುವುದು ಸಹಜ. ಅಮೆರಿಕದಲ್ಲಿ 45 ವರ್ಷ ದಾಟಿದ 1,064 ಎಂ.ಎಸ್. ರೋಗಿಗಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ತಮಗೆ ಬೀಳುವ ಭಯವಿದೆ ಎಂದರು. ಹಾಗೆಂದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಆ ಭಯದಿಂದ ತಮ್ಮ ಚಟುವಟಿಕೆ ಕಡಿಮೆ ಮಾಡಿಕೊಂಡಿದ್ದರು.

ಈ ಭಯಕ್ಕೆ ಮನೆಯವರ ಭಯವೂ ಸೇರುತ್ತದೆ. “ನೀನು ಕೂತಿರು, ನಾವು ಮಾಡುತ್ತೇವೆ” ಎನ್ನುತ್ತಾರೆ. ಪ್ರೀತಿಯ ಮಾತೇ. ಆದರೆ ಕುಳಿತ ಕಾಲು ತಿಂಗಳೊಪ್ಪತ್ತಿನಲ್ಲಿ ಬಲ ಕಳೆದುಕೊಳ್ಳುತ್ತದೆ, ಬಿಗಿತ ಹೆಚ್ಚುತ್ತದೆ, ಮೂಳೆ ಟೊಳ್ಳಾಗುತ್ತದೆ. ಮುಂದೆ ಬಾತ್‌ರೂಮಿಗೆಂದು ಎದ್ದ ಒಂದೇ ಹೊತ್ತಿನಲ್ಲಿ ಬೀಳುತ್ತಾರೆ. ಮಗಳ ಶಾಲೆಯ ಸಮಾರಂಭಕ್ಕೆ ಹೋಗದ, ನೆಂಟರ ಮದುವೆಗೆ ಹೋಗದ, ಕೊನೆಗೆ ಅಡುಗೆಮನೆಗೂ ಹೋಗದ ಬದುಕಿನಲ್ಲಿ ಮನಸ್ಸು ಕುಗ್ಗುವುದನ್ನು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ “ನಡೆಯಬೇಡ” ಎನ್ನುವ ಬದಲು “ಹೇಗೆ ನಡೆದರೆ ಬೀಳುವುದಿಲ್ಲ” ಎಂಬುದನ್ನು ಮನೆಯವರೆಲ್ಲ ಕೂತು ಯೋಚಿಸಬೇಕು.

ವೈದ್ಯರಿಗೆ ಏನು ಹೇಳಬೇಕು?

ಒಂದು ನೋಟ್‌ಪುಸ್ತಕ ಇಡಿ. ಬಿದ್ದಾಗಲೆಲ್ಲ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುತ್ತಿದ್ದಾಗ, ಯಾವ ಕಡೆಗೆ. ಬೀಳದಿದ್ದರೂ ಬೀಳುವಂತಾಗಿ ಗೋಡೆ ಹಿಡಿದುಕೊಂಡದ್ದನ್ನೂ ಬರೆಯಿರಿ. ಎರಡು ತಿಂಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಎಲ್ಲವೂ ಸಂಜೆಯ ಹೊತ್ತಿಗೇ ಆಗಿದ್ದರೆ ದಣಿವು, ರಾತ್ರಿಯೇ ಆಗಿದ್ದರೆ ಮೂತ್ರದ ಅವಸರ ಅಥವಾ ಕತ್ತಲು, ಹಾಸಿಗೆಯಿಂದ ಎದ್ದ ಕೂಡಲೇ ಆಗಿದ್ದರೆ ರಕ್ತದೊತ್ತಡದ ಇಳಿತ ಕಾರಣವಿರಬಹುದು. ವೈದ್ಯರಿಗೆ ಈ ಪುಸ್ತಕದಿಂದ ಆಗುವ ಸಹಾಯ ಬಹಳ.

ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ತೋರಿಸಿ. ಬಿಗಿತ ಸಡಿಲಿಸಲು ಕೊಡುವ ಬ್ಯಾಕ್ಲೋಫೆನ್, ಟಿಜಾನಿಡಿನ್‌ಗಳ ಪ್ರಮಾಣ ಹೆಚ್ಚಾದರೆ ಕಾಲು ಮೆತ್ತಗಾಗಿ ಕುಸಿಯಬಹುದು. ಎಷ್ಟೋ ಸಲ ಸೋತ ಕಾಲನ್ನು ನಿಲ್ಲಿಸಿರುವುದೇ ಆ ಬಿಗಿತ. ನಿದ್ದೆಮಾತ್ರೆ, ನರನೋವಿನ ಮಾತ್ರೆಗಳು ಮಂಪರು ತರುತ್ತವೆ. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಬ್ಯಾಕ್ಲೋಫೆನ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಇದ್ದಕ್ಕಿದ್ದಂತೆ ಒಂದೆರಡು ದಿನಗಳಲ್ಲಿ ಬೀಳುವುದು ಹೆಚ್ಚಾದರೆ ತಡಮಾಡದೆ ವೈದ್ಯರನ್ನು ಕಾಣಿ. ಅದು ಕಾಯಿಲೆಯ ಹೊಸ ಮರುಕಳಿಕೆ ಇರಬಹುದು ಅಥವಾ ಮೂತ್ರಕೋಶದ ಸೋಂಕಿನಿಂದ ಹಳೆಯ ಲಕ್ಷಣಗಳೇ ಕೆರಳಿರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ವ್ಯಾಯಾಮ

ವ್ಯಾಯಾಮ ಮಾಡಿದರೆ ಎಂ.ಎಸ್. ಹೆಚ್ಚುತ್ತದೆ ಎಂದು ಹಿಂದೆ ವೈದ್ಯರೇ ವಿಶ್ರಾಂತಿ ಹೇಳುತ್ತಿದ್ದ ಕಾಲವಿತ್ತು. ಈಗ ಆ ಅಭಿಪ್ರಾಯ ಇಲ್ಲ. ಕಾಲಿನ ಬಲ ಮತ್ತು ಸಮತೋಲ ಎರಡನ್ನೂ ಅಭ್ಯಾಸದಿಂದ ಉತ್ತಮಪಡಿಸಿಕೊಳ್ಳಬಹುದು. ಆದರೆ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ 2019ರ ಕೊಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮದಿಂದ ಸಮತೋಲ ಸುಧಾರಿಸಬಹುದು, ಆದರೆ ಬೀಳುವ ಸಂಖ್ಯೆ ಖಂಡಿತ ಇಳಿಯುತ್ತದೆ ಎನ್ನಲು ಪುರಾವೆ ಸಾಲದು. ಆದ್ದರಿಂದ ವ್ಯಾಯಾಮದ ಜೊತೆಗೆ ಮನೆಯ ಬದಲಾವಣೆ, ಮಾತ್ರೆಗಳ ಪರಿಶೀಲನೆ, ತಕ್ಕ ಆಸರೆ ಎಲ್ಲವೂ ಒಟ್ಟಿಗೆ ಬೇಕು.

ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ತಿಳಿಸಿದ ಮೇಲೆ ಮನೆಯಲ್ಲೇ ಮಾಡಬಹುದಾದವು ಇವು: ಕುರ್ಚಿಯಿಂದ ಕೈಯೂರದೆ ನಿಧಾನವಾಗಿ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕಟ್ಟೆಯ ಪಕ್ಕದಲ್ಲೇ ಒಂದು ಪಾದದ ಮುಂದೆ ಇನ್ನೊಂದಿಟ್ಟು ಕೆಲವು ಹೆಜ್ಜೆ ನಡೆಯುವುದು, ಮೀನಖಂಡವನ್ನು ಹಿಗ್ಗಿಸುವುದು. ಹಿಂದೆ ಒಂದು ಕುರ್ಚಿ, ಪಕ್ಕದಲ್ಲಿ ಒಬ್ಬರು ಇರಲಿ. ಬೆಳಗಿನ ಹೊತ್ತು, ಫ್ಯಾನು ಹಾಕಿಕೊಂಡು, ಸುಸ್ತಾಗುವ ಮೊದಲೇ ನಿಲ್ಲಿಸಿ.

ಕೋಲಿಗೆ ನಾಚಿಕೆ ಏಕೆ?

ಕನ್ನಡಕ ಹಾಕಲು ನಾಚದ ನಾವು ಕೋಲು ಹಿಡಿಯಲು ನಾಚುತ್ತೇವೆ. “ಈ ವಯಸ್ಸಿಗೇ ಕೋಲೆ?” ಎಂಬ ಮಾತಿಗೆ ಹೆದರಿ ಗೋಡೆ, ಮೇಜು, ಮಕ್ಕಳ ಭುಜ ಹಿಡಿದು ನಡೆಯುವವರಿದ್ದಾರೆ. ಬೀದಿಯಲ್ಲಿ ಗೋಡೆ ಇರುವುದಿಲ್ಲ. ಕೋಲು ಕೈಯಲ್ಲಿದ್ದರೆ ಎದುರಿನವರೂ ಸ್ವಲ್ಪ ದಾರಿ ಬಿಡುತ್ತಾರೆ, ಕುಡಿದಿದ್ದಾರೆಂಬ ಸಂಶಯವೂ ಇರುವುದಿಲ್ಲ.

ಆದರೆ ಅಜ್ಜನ ಕೋಲನ್ನೇ ಎತ್ತಿಕೊಳ್ಳಬೇಡಿ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯಷ್ಟು ಎತ್ತರಕ್ಕೆ ಕೋಲಿನ ಹಿಡಿಕೆ ಬರಬೇಕು. ಸೋತ ಕಾಲು ಬಲಗಾಲಾದರೆ ಕೋಲು ಎಡಗೈಯಲ್ಲಿರಬೇಕು. ಕೋಲು ಮತ್ತು ಸೋತ ಕಾಲು ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕೋಲಿನ ತುದಿಯ ರಬ್ಬರ್ ಸವೆದರೆ ಕೂಡಲೇ ಬದಲಿಸಿ. ಪಾದ ಜೋತುಬೀಳುವವರಿಗೆ ಕಣಕಾಲನ್ನು ಹಿಡಿದಿಡುವ ಹಗುರವಾದ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ. ಅಳತೆ ಕೊಟ್ಟೇ ಮಾಡಿಸಬೇಕು.

ಹೊರಗೆ ಹೋಗುವಾಗ ಜೊತೆಯಲ್ಲಿರುವವರು ರೋಗಿಯ ತೋಳು ಹಿಡಿದು ಎಳೆಯಬಾರದು. ತಮ್ಮ ತೋಳನ್ನು ಮುಂದೆ ಚಾಚಿ ಅವರೇ ಹಿಡಿದುಕೊಳ್ಳುವಂತೆ ಮಾಡಬೇಕು. ಆಗ ಹೆಜ್ಜೆಯ ವೇಗ ಅವರ ಕೈಯಲ್ಲಿರುತ್ತದೆ.

ಮನೆಯನ್ನೊಮ್ಮೆ ನೋಡಿ

ಎಷ್ಟೋ ಸಲ ಬೀಳುವುದು ಪರಿಚಿತವಾದ ಮನೆಯೊಳಗೇ, ದಿನನಿತ್ಯದ ಕೆಲಸ ಮಾಡುವಾಗಲೇ. ರೋಗಿ ನಡೆಯುವ ದಾರಿಯಲ್ಲಿ ನೀವೊಮ್ಮೆ ನಿಧಾನವಾಗಿ ಕಾಲೆಳೆದುಕೊಂಡು ನಡೆದು ನೋಡಿ. ಕಾಲಿಗೆ ಏನೇನು ಸಿಗುತ್ತದೆಂದು ತಿಳಿಯುತ್ತದೆ.

ಸಡಿಲ ಕಾಲೊರಸು, ಮಡಿಸಿದ ಚಾಪೆ, ಮೊಬೈಲ್ ಚಾರ್ಜರಿನ ವೈರು, ಮಕ್ಕಳ ಆಟಿಕೆ ದಾರಿಯಿಂದ ದೂರವಿರಲಿ. ಹೊಸಿಲಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ನೆಲ ಒರೆಸಿದ ಮೇಲೆ ಪೂರ್ತಿ ಒಣಗುವವರೆಗೆ ಅವರು ಕುಳಿತಿರಲಿ. ನುಣುಪು ಟೈಲ್ಸ್ ಮೇಲೆ ಬರಿಯ ಕಾಲುಚೀಲ ಹಾಕಿ ನಡೆಯಬಾರದು. ಹವಾಯಿ ಚಪ್ಪಲಿ ಜಾರುತ್ತದೆ, ಕಾಲಿನಿಂದ ಕಳಚುತ್ತದೆ. ಮನೆಯೊಳಗೂ ಹಿಂಬದಿ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಸೀರೆಯ ನೆರಿಗೆ, ನೈಟಿ, ಪಂಚೆ ನೆಲ ಗುಡಿಸದಂತೆ ಸ್ವಲ್ಪ ಮೇಲಿರಲಿ.

ಬಚ್ಚಲಲ್ಲಿ, ಕಮೋಡಿನ ಪಕ್ಕದಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಸ್ಟೀಲ್ ಹಿಡಿಕೆ ಬೇಕು. ಟವೆಲ್ ಹಾಕುವ ಸರಳು ಮನುಷ್ಯರ ಭಾರ ತಡೆಯುವುದಿಲ್ಲ. ಕುಕ್ಕರುಗಾಲಿನ ಶೌಚಾಲಯ ಮಾತ್ರ ಇದ್ದರೆ ಅದರ ಮೇಲೆ ಇಡುವ ಕುರ್ಚಿ ಸಿಗುತ್ತದೆ. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ, ದಿಂಬಿನ ಬಳಿ ಟಾರ್ಚ್ ಇರಲಿ. ತೀರಾ ಅವಸರವಾಗುವವರಿಗೆ ರಾತ್ರಿ ಹಾಸಿಗೆ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡುವುದರಲ್ಲಿ ನಾಚಿಕೆ ಏನಿಲ್ಲ.

ಬಿದ್ದರೆ ಏನು ಮಾಡಬೇಕು?

ಎಷ್ಟು ಎಚ್ಚರವಹಿಸಿದರೂ ಕೆಲವೊಮ್ಮೆ ಬೀಳುವುದುಂಟು. ಬಿದ್ದ ಕೂಡಲೇ ಮೇಲೆತ್ತಲು ಧಾವಿಸಬೇಡಿ. ಒಂದೆರಡು ನಿಮಿಷ ಹಾಗೇ ಇರಲಿ. ತಲೆಗೆ ಪೆಟ್ಟಾಗಿದೆಯೇ, ಕೈಕಾಲು ಆಡುತ್ತವೆಯೇ ಕೇಳಿ. ಸೊಂಟದಲ್ಲಿ ತೀವ್ರ ನೋವಿದ್ದು ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿರುವ ಸಂಭವವಿದೆ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಇವು ಕಾಣದಿದ್ದರೂ ಹೋಗಬೇಕು.

ಪೆಟ್ಟಾಗಿಲ್ಲವೆಂದಾದರೆ ತೋಳು ಹಿಡಿದು ಎಳೆಯದೆ ಒಂದು ಗಟ್ಟಿ ಕುರ್ಚಿಯನ್ನು ಹತ್ತಿರ ತನ್ನಿ. ರೋಗಿ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬರಲಿ. ಕುರ್ಚಿಯ ಮೇಲೆ ಎರಡೂ ಕೈ ಇಟ್ಟು, ಗಟ್ಟಿ ಕಾಲಿನ ಪಾದವನ್ನು ಮುಂದೆ ಊರಿ, ಮೇಲೆದ್ದು ಕುರ್ಚಿಯಲ್ಲಿ ಕೂರಲಿ. ಬೀಳದ ದಿನವೇ ಫಿಸಿಯೋಥೆರಪಿಸ್ಟ್ ಮುಂದೆ ಹಾಸಿಗೆ ಹಾಸಿ ಇದನ್ನು ಕಲಿತಿಟ್ಟುಕೊಂಡರೆ ಭಯ ಅರ್ಧ ಕಡಿಮೆಯಾಗುತ್ತದೆ. ಮನೆಯಲ್ಲಿ ಒಬ್ಬರೇ ಇರುವವರು ಮೊಬೈಲನ್ನು ಮೇಜಿನ ಮೇಲಿಡದೆ ಕೊರಳಿಗೆ ಹಾಕಿಕೊಂಡಿರಲಿ.

ಮೂಳೆಯ ಕಡೆಗೂ ಗಮನ ಬೇಕು. ಕಡಿಮೆ ಓಡಾಟ, ಬಿಸಿಲು ಕಾಣದಿರುವುದು, ಮತ್ತೆ ಮತ್ತೆ ಪಡೆದ ಸ್ಟೀರಾಯ್ಡ್ ಇವೆಲ್ಲ ಮೂಳೆಯನ್ನು ದುರ್ಬಲಗೊಳಿಸುತ್ತವೆ. ಸೊಂಟದ ಮೂಳೆ ಮುರಿತ ಎಂ.ಎಸ್. ಇರುವವರಲ್ಲಿ ಉಳಿದವರಿಗಿಂತ ಹೆಚ್ಚು. ವಿಟಮಿನ್ ಡಿ ಮಟ್ಟ, ಮೂಳೆಯ ಸಾಂದ್ರತೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಹಾಲು, ಮೊಸರು, ರಾಗಿ, ಸೊಪ್ಪು ಊಟದಲ್ಲಿರಲಿ.

ಕಾನೂನಿನ ನೆರವು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಹೆಸರೂ ಇದೆ. ವೈದ್ಯಕೀಯ ಮಂಡಳಿ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವನ್ನು ಪ್ರಮಾಣೀಕರಿಸಿದರೆ ಕಾಯ್ದೆಯ ಹಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ನೋಡಲು ಚೆನ್ನಾಗಿದ್ದೀರಲ್ಲ ಎಂದು ಯಾರಾದರೂ ಹೇಳಿದರೆ ಹಿಂಜರಿಯಬೇಕಿಲ್ಲ. ಮುಂಬೈಯಲ್ಲಿ 1985ರಲ್ಲಿ ಆರಂಭವಾದ ಮಲ್ಟಿಪಲ್ ಸ್ಕ್ಲಿರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲೂ ಶಾಖೆಯಿದೆ. ಇದೇ ಕಾಯಿಲೆಯೊಂದಿಗೆ ಬದುಕುತ್ತಿರುವ ಇತರರ ಪರಿಚಯ ಅಲ್ಲಿ ಆಗುತ್ತದೆ.

ಮನೆಯವರು ನೆನಪಿಡಬೇಕಾದ್ದು

* ಬಿದ್ದವರನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಬಿದ್ದದ್ದನ್ನು ಮುಚ್ಚಿಡುತ್ತಾರೆ.
* ನಡೆಯುತ್ತಿರುವವರನ್ನು ಹಿಂದಿನಿಂದ ಕೂಗಬೇಡಿ. ಎದುರು ಬಂದು, ನಿಂತ ಮೇಲೆ ಮಾತಾಡಿಸಿ.
* ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಕೂರಲು ಕುರ್ಚಿ, ಚಿಲಕವಿಲ್ಲದ ಬಾಗಿಲು.
* ರಾತ್ರಿ ದೀಪ, ಬಚ್ಚಲಲ್ಲಿ ಗಟ್ಟಿ ಹಿಡಿಕೆ. ಹಾರ್ಡ್‌ವೇರ್ ಅಂಗಡಿಯ ಈ ಸಣ್ಣ ಖರ್ಚನ್ನು ಮುಂದೂಡಬೇಡಿ.
* ಹೊರಗಿನ ಕೆಲಸ, ಆಸ್ಪತ್ರೆ, ಬ್ಯಾಂಕು ಬೆಳಗಿನ ಹೊತ್ತಿಗೆ, ಮಧ್ಯಾಹ್ನ ವಿಶ್ರಾಂತಿ.
* ಬಿದ್ದದ್ದನ್ನು ಬರೆದಿಡಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ.
* ಅವರು ಮಾಡಬಲ್ಲ ಕೆಲಸವನ್ನು ಅವರೇ ಮಾಡಲಿ. ಬೇಕಾದರೆ ಪಕ್ಕದಲ್ಲಿ ಕುರ್ಚಿ ಇಡಿ, ತರಕಾರಿಯ ಬುಟ್ಟಿಯನ್ನು ಅವರ ಕೈಯಿಂದ ಕಸಿಯಬೇಡಿ.